ಮಾವನ ತಲೆಯ ಮೋಜಣಿ

ನನ್ನ ಮಾವನ ತಲೆಯನ್ನು ನಾನು ಎಂದೂ ಕಂಡವನಲ್ಲ. ಇದನ್ನು ಆರಂಭದಲ್ಲೇ ಹೇಳಿಬಿಡುವುದು ಕ್ಷೇಮ. ಅವರು ನನ್ನ ತಾಯಿಯ ಅಣ್ಣ. ಸಾಲದ್ದಕ್ಕೆ ಅವರ ಮಗಳನ್ನೇ ನಾನು ಕೈಹಿಡಿದದ್ದರಿಂದ ಮಾವನೆಂಬ ಪದವಿಯನ್ನು ಎರಡೆರಡು ದಾರಿಯಿಂದ ಪಡೆದವರು. ಹುಟ್ಟಿದಾಗಿನಿಂದ ನನ್ನನ್ನು ‘ಲೇ’ ಎಂದು ಕರೆಯುತ್ತಿದ್ದವರು ಅಕ್ಕಿಕಾಳು ತಲೆಗೆ ಬಿದ್ದ ಮರುಗಳಿಗೆಯಿಂದ ‘ರೀ’ ಎನ್ನತೊಡಗಿದರು. ಸಿಟ್ಟು ಬಂದಾಗ ಮಾತ್ರ ಹಳೆಯ ‘ಲೇ’ ತಾನಾಗಿ ಮರಳುತ್ತದೆ. ಇಷ್ಟು ಹತ್ತಿರದ ನಂಟಿದ್ದರೂ, ನನಗೆ ಅರವತ್ತು ದಾಟಿದ ಮೇಲೂ, ಅವರ ತಲೆಯೆಂದರೆ ಒಂದು ಬಿಳಿ ರುಮಾಲು ಮತ್ತು ಅದರ ಕೆಳಗೆ ಎರಡು ದಟ್ಟ ಹುಬ್ಬು, ಅಷ್ಟೇ. ಕ್ಷೌರದವನು ಹಿತ್ತಲಿಗೆ ಬಂದು, ಬಾಗಿಲು ಮುಂದೆ ಮಾಡಿಕೊಂಡು, ಕೆಲಸ ಮುಗಿಸಿ ಹೋಗುತ್ತಿದ್ದ. ರುಮಾಲಿನ ಒಳಗೆ ತಲೆ ಇದೆಯೆಂಬುದನ್ನು ಉಳಿದ ನಾವೆಲ್ಲ ನಂಬಿಕೆಯ ಮೇಲೆ ನಡೆಸಿಕೊಂಡು ಬಂದಿದ್ದೆವು.

ನಾನು ಮೋಜಣಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಹೊಲಗಳಲ್ಲಿ ಸರಪಳಿ ಎಳೆಯುತ್ತ ಬಿಸಿಲು ಕುಡಿದಿದ್ದೇನೆ. ಅಣ್ಣತಮ್ಮಂದಿರ ಬದುವಿನ ಜಗಳ ಎಷ್ಟೋ ಬಗೆಹರಿಸಿದ್ದೇನೆ. ಬಗೆಹರಿಸಿದ್ದಕ್ಕಿಂತ ಹಚ್ಚಿದ್ದೇ ಹೆಚ್ಚು ಎಂಬುದು ಮಾವನವರ ಅಭಿಪ್ರಾಯ. ಏನೇ ಇರಲಿ, ಅಳತೆಯ ವಿಷಯದಲ್ಲಿ ಬೆಟಗೇರಿಯ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಒಂದಿಷ್ಟು ಬೆಲೆ ಇತ್ತು. ಹೋದ ಚಳಿಗಾಲದ ತನಕ ಇತ್ತು.

ಹೋದ ವರ್ಷ ದಸರೆ ಮುಗಿದ ಮೇಲೆ ಮಾವನವರಿಗೆ ತಲೆ ಸುತ್ತು ಬರಲಾರಂಭಿಸಿತು. ಗದಗಿನ ವೈದ್ಯರು ಫೋಟೋ ತೆಗೆಸಿ ನೋಡಿ, ಕುತ್ತಿಗೆಯ ಮಣಿ ಸವೆದಿವೆ, ತಲೆಯ ಮೇಲೆ ಭಾರ ಹೊರಬಾರದು ಎಂದರು. ಮಾವನವರು ತಾವು ಯಾವ ಭಾರವನ್ನೂ ಹೊರುವುದಿಲ್ಲವೆಂದು, ಗೊಬ್ಬರದ ಚೀಲ ಹೊರುವುದನ್ನು ಬಿಟ್ಟು ಬಹಳ ವರ್ಷವಾಯಿತೆಂದು ವಿವರಿಸಿದರು. ವೈದ್ಯರು ರುಮಾಲಿನ ಕಡೆಗೆ ಬೆರಳು ತೋರಿಸಿದರು. ನಾನು ಪಕ್ಕದಲ್ಲೇ ಇದ್ದೆ. ಮಾವನವರ ಮುಖ, ಹೊಲ ಬಿಟ್ಟು ಏಳು ಎಂದು ಹೇಳಿಸಿಕೊಂಡವರ ಮುಖದಂತಾಯಿತು.

ಆವತ್ತಿನಿಂದ ಅವರು ಹೊರಗೆ ಬೀಳುವುದನ್ನು ಬಿಟ್ಟರು. ಅವರ ಊರು ಡೋಣಿ, ಕಪ್ಪತಗುಡ್ಡದ ಮಗ್ಗುಲಿಗೆ. ಮನೆ ತುಂಬ ಜನ: ಹಿರಿಯ ಮಗ, ಸೊಸೆ, ಮೊಮ್ಮಕ್ಕಳು, ನಮ್ಮ ಅತ್ತೆ. ಆ ಮನೆಯೊಳಗೆ ತಲೆಗೆ ಒಂದು ವಲ್ಲಿ ಸುತ್ತಿಕೊಂಡು ಓಡಾಡಿದರು. ವಲ್ಲಿ ಅಂದರೆ ಹೆಗಲ ಮೇಲಿನ ಟವೆಲ್ಲು. ಅದನ್ನು ಸುತ್ತಿಕೊಂಡು ಹೊಲಕ್ಕೆ ಹೋಗಬಹುದು, ಹಿತ್ತಲಿಗೆ ಹೋಗಬಹುದು. ನಾಲ್ಕು ಮಂದಿಯ ನಡುವೆ ಹೋಗಲಿಕ್ಕಾಗದು. ದಿನಾಲೂ ಬೇವಿನ ಮರದ ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡುತ್ತಿದ್ದ ಮನುಷ್ಯ ತಮ್ಮ ಮನೆಯ ಕಟ್ಟೆಗೂ ಬರಲೊಲ್ಲರು. ಮಗಳು ಬೆಟಗೇರಿಯಿಂದ ವಿಡಿಯೋ ಕರೆ ಮಾಡಿದರೆ ಫೋನನ್ನು ಮೇಲೆ ತಿರುಗಿಸಿ ಹಿಡಿಯುವರು. ನಾವು ಎರಡು ತಿಂಗಳು ಅವರ ಮನೆಯ ಜಂತಿಗಳೊಡನೆ ಕ್ಷೇಮ ಸಮಾಚಾರ ಮಾತಾಡಿದೆವು. ಜಂತಿಗಳು ಗಟ್ಟಿಯಾಗಿವೆ.

ಇಷ್ಟರಲ್ಲಿ ಅವರ ಮೊಮ್ಮಗಳ ನಿಶ್ಚಯ ಕೂಡಿಬಂತು. ಮಾವನವರ ಕಿರಿಯ ಮಗ ಲಕ್ಷ್ಮೇಶ್ವರದಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ; ಅವನ ಮಗಳು. ವರ ಮುಂಡರಗಿಯವನು. ನಿಶ್ಚಯದಲ್ಲಿ ಹೆಣ್ಣಿನ ಕಡೆಯಿಂದ ಎಲೆ ಅಡಿಕೆ ಕೊಟ್ಟು ಮಾತು ಮುಗಿಸುವವರು ಮನೆಯ ಹಿರಿಯರು, ಅಂದರೆ ಮಾವನವರು. ಅವರೋ, ನಾನು ಬರುವುದಿಲ್ಲ, ಎಲೆ ಅಡಿಕೆ ಅಳಿಯನ ಕೈಯಲ್ಲಿ ಕೊಡಿಸಿರಿ ಎಂದು ಹೇಳಿ ಕಳಿಸಿದರು. ಹುಡುಗಿ ಅಜ್ಜನಿಗೆ ಫೋನು ಹಚ್ಚಿದಳು. ಆ ಹೊತ್ತಿಗೆ ನಾನೂ ನನ್ನ ಹೆಂಡತಿಯೂ ಡೋಣಿಯಲ್ಲೇ ಇದ್ದೆವು.

“ಅಜ್ಜಾ, ನೀ ಬರಲಿಲ್ಲಂದ್ರ ನಾ ಸೀರಿ ಉಡಂಗಿಲ್ಲ ನೋಡು.”

“ಚೂಡಿದಾರ ಹಾಕ್ಕೊ ಯವ್ವಾ. ಈಗ ಯಾರು ಏನಂತಾರ.”

“ನೀನೂ ಬರೇ ತಲೀಲೇ ಬಾ ಹಂಗಾರ. ಈಗ ಯಾರು ಏನಂತಾರ.”

ಮಾವನವರು ಫೋನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದರು. ಆ ನಂತರ ಅವರು ಮಧ್ಯಾಹ್ನ ಊಟಕ್ಕೂ ಕರೆದ ತಕ್ಷಣ ಬರಲಿಲ್ಲ. ಆಗ ನನಗೆ ತಿಳಿದದ್ದು, ಇದು ಹಟವಲ್ಲ. ಮನುಷ್ಯನಿಗೆ ಹೋಗುವ ಆಸೆ ಇದೆ. ಹೋಗುವುದಕ್ಕೆ ತಲೆ ಇಲ್ಲ.

ಬದಲಿ ವ್ಯವಸ್ಥೆಗಳನ್ನು ಒಂದೊಂದಾಗಿ ಅವರ ಮುಂದೆ ಇಟ್ಟೆವು. ಪ್ಯಾಟಿಯಲ್ಲಿ ಸಿಗುವ, ಕಿವಿ ಗಲ್ಲ ಎಲ್ಲ ಮುಚ್ಚುವ ಚಳಿಯ ಟೊಪ್ಪಿಗೆಯನ್ನು ಹಿರಿಯ ಮಗ ತಂದಿದ್ದ. “ಅದು ಮಂಗ್ಯಾನ ಟೊಪಿಗಿ. ಮಂಗ್ಯಾಗ ಕೊಡ್ರಿ” ಎಂದು ಕೇಸು ವಜಾ ಮಾಡಿದರು. ಬಿಳಿ ಖಾದಿ ಟೊಪ್ಪಿಗೆ ಹಗುರವಲ್ಲವೇ ಎಂದು ನಾನು ಕೇಳಿದೆ.

“ಅಳಿಯಂದ್ರ, ನಮ್ಮ ಕಟ್ಟಿ ಮ್ಯಾಲ ಇತ್ಲಾಗ ರುಮಾಲಿನವರು, ಅತ್ಲಾಗ ಟೊಪಿಗಿಯವರು ಕುಂಡ್ರೋದು. ಹುಡುಗರಿದ್ದಾಗಿಂದ ಅವರ ಕೂಡ ವಾದಾ ಮಾಡಕೋತ ಬಂದೇನಿ. ಈಗ ಅದನ್ನ ಹಾಕ್ಕೊಂಡು ಹ್ವಾದ್ನೆಂದ್ರ, ಕಡೀಕ ಸೋತ ಬಂದ ನೋಡು ಅಂತಾರ.”

ಯಾವ ವಿಷಯದ ಮೇಲೆ ವಾದವೆಂದು ಕೇಳಿದೆ. ಈಗ ಅದು ನೆನಪಿಲ್ಲವೆಂದರು. ಆದರೆ ಸೋಲುವುದಿಲ್ಲವೆಂದರು.

ಆಗ ನನ್ನ ಹೆಂಡತಿ, “ಅಪ್ಪ, ನಾ ಉಲನ್‌ದಾಗ ಒಂದು ಹೆಣದ ಕೊಡ್ತೀನಿ. ಹೂವಿನಂಗ ಹಗುರ ಇರತೈತಿ. ಅದನ್ನ ಟೊಪಿಗಿ ಅಂತ ಯಾಕ ಅಂತಿ, ಹೆಣೆದ ರುಮಾಲು ಅನ್ನು” ಎಂದಳು. ಮಾವನವರು ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ಅಡಿಕೆಯಂತೆ ಸ್ವಲ್ಪ ಹೊತ್ತು ಆಡಿಸಿದರು. ಹೆಣೆದ ರುಮಾಲು. ಉಗುಳಲಿಲ್ಲ. ಅದನ್ನೇ ಒಪ್ಪಿಗೆಯೆಂದು ತಿಳಿದೆವು.

ಇಲ್ಲಿ ನನ್ನ ಹೆಂಡತಿಯ ಹೆಣಿಗೆಯ ಇತಿಹಾಸವನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಅವಳ ಕೈ ಚುರುಕು, ಕುಣಿಕೆ ಒಂದರ ಹಾಗೆ ಒಂದು. ಆದರೆ ಅವಳಿಗೆ ಅಳತೆಯ ಮೇಲೆ ವಿಶ್ವಾಸವಿಲ್ಲ. ಸಣ್ಣವರ ಟೊಪ್ಪಿಗೆಯನ್ನು ಸಣ್ಣ ತಂಬಿಗೆಗೂ ದೊಡ್ಡವರದನ್ನು ದೊಡ್ಡ ತಂಬಿಗೆಗೂ ಹಾಕಿ ನೋಡುವುದು ಅವಳ ಶಾಸ್ತ್ರ. ಈ ಶಾಸ್ತ್ರದ ಪ್ರಕಾರ ನನಗೆ ಹೆಣೆದದ್ದು ಮೂಗಿನ ತನಕ ಇಳಿದು, ಈಗ ಅಡುಗೆಮನೆಯ ಮಿಕ್ಸರಿನ ಮೇಲೆ ಸುಖವಾಗಿದೆ. ಮೊಮ್ಮಗನಿಗೆ ಹೆಣೆದದ್ದು ಅವನ ಮುಷ್ಟಿಗೆ ಸರಿಯಾಯಿತು. ತಪ್ಪು ತಂಬಿಗೆಯದೆಂದು ಅವಳ ವಾದ. ಈಗಿನ ಸ್ಟೀಲಿನವು ಮೊದಲಿನ ಹಿತ್ತಾಳೆಯವುಗಳ ಹಾಗೆ ಇಲ್ಲವಂತೆ.

“ಈ ಸಲ ತಂಬಿಗಿ ಬ್ಯಾಡ. ತಲೀನ ಅಳಿಯೋಣು” ಎಂದು ನಾನು ಇಲಾಖೆಯ ದನಿಯಲ್ಲಿ ಹೇಳಿದೆ. ಟೇಪು ಕಿಸೆಯಲ್ಲೇ ಇತ್ತು. ತೆಗೆದು ಮಾವನವರ ಹತ್ತಿರ ಹೋದೆ. ಅವರು ಕೂತಲ್ಲಿಂದಲೇ ಹಿಂದೆ ಸರಿದರು.

“ಅದೇನದು?”

“ಟೇಪು, ಮಾವಾರ. ಹಣಿ ಮ್ಯಾಲಿಂದ ಸುತ್ತಲೂ ಒಮ್ಮೆ ಹಿಡದ ಬಿಟ್ರ ಆತು.”

“ನೋಡ್ರಿ, ಹೊಲಾ ಅಳೀರಿ. ಬಟ್ಟಿ ಅಳೀರಿ. ಮನಷ್ಯಾನ್ನ ಅಳಿಯೋದು ಒಂದ ಸಲ, ಕುಣಿ ತಗ್ಯಾಕ. ಅವಾಗ ಬರ್ರಿ, ನಾ ಒಲ್ಲೆ ಅನ್ನಂಗಿಲ್ಲ.”

ನಮ್ಮ ಕಡೆ ಸತ್ತವರನ್ನು ಮಣ್ಣು ಮಾಡುವ ಕುಣಿಯನ್ನು ಅವರದೇ ಪಾದದ ಅಳತೆಯಲ್ಲಿ ತೋಡುತ್ತಾರೆ. ಆದ್ದರಿಂದ ಬದುಕಿದ್ದವರ ಮೈಗೆ ಅಳತೆ ಹಿಡಿದರೆ ಹಳಬರಿಗೆ ಸೇರುವುದಿಲ್ಲ. ದರ್ಜಿಯ ವಿಷಯ ಬೇರೆ, ಅವನ ಹತ್ತಿರ ಮಾವನವರ ಹಳೆಯ ಅಂಗಿ ಒಂದು ಕಾಯಂ ಇರುತ್ತದೆ. ಅತ್ತೆಯನ್ನು ಕೇಳೋಣವೆಂದರೆ ಅವರು ಒಲೆಯ ಕಡೆಗೆ ಮುಖ ಮಾಡಿಕೊಂಡೇ, “ನನಗೇನು ಗೊತ್ತು ಯವ್ವಾ. ನನ್ನ ತಲಿ ತಿಂದದ್ದು ಅವರು. ಅಳತಿ ಇದ್ರ ನಂದಿರಬೇಕು, ಅವರ ಕಡೆ” ಎಂದರು.

ಮಾವನವರು ನಮ್ಮ ಅಜ್ಞಾನಕ್ಕೆ ಮರುಗಿದವರಂತೆ ಧೋತರವನ್ನು ಮೇಲೆ ಸರಿಸಿ ಬಲ ಮೊಣಕಾಲನ್ನು ಮಡಚಿ ಮುಂದೆ ಚಾಚಿದರು.

“ಇದನ್ನ ಅಳೀರಿ.”

“ಇದು ಮೊಣಕಾಲ್ರಿ.”

“ಗೊತ್ತೈತ್ರಿ ನನಗೂ. ಮೊಣಕಾಲು ಅಳದು ಯಾರೂ ಕುಣಿ ತಗ್ಯಂಗಿಲ್ಲ. ದಿನಾ ಮುಂಜಾನೆ ರುಮಾಲು ಎದರ ಮ್ಯಾಲ ಸುತ್ತತೇನಿ? ಇದರ ಮ್ಯಾಲ. ಇದಕ್ಕ ಸುತ್ತಿದ್ದು ತಗದು ತಲಿಗೆ ಇಟಗೊಳ್ಳೋದು. ಒಂದ ದಿನಾನೂ ಸಡ್ಲ ಆಗಿಲ್ಲ, ಬಿಗೀನೂ ಆಗಿಲ್ಲ. ಅಂದಮ್ಯಾಲ ನನ್ನ ತಲಿ ಎಷ್ಟು, ನನ್ನ ಮೊಣಕಾಲು ಅಷ್ಟು. ಏನಂತೀರಿ ಮೋಜಣಿ ಸಾಹೇಬ್ರ?”

ತರ್ಕ ಕಲ್ಲಿನಂತಿತ್ತು. ನಮ್ಮ ಭಾಗದ ಹಳಬರೆಲ್ಲ ರುಮಾಲನ್ನು ಹಾಗೆಯೇ ಸುತ್ತುವುದು. ಕಾಲು ಮಡಚಿ ಕೂತು, ಮೊಣಕಾಲಿನ ಮೇಲೆ ಸುತ್ತು ಹಾಕಿ, ಸುತ್ತು ಮುಗಿದ ಮೇಲೆ ಮಡಕೆಯ ಹಾಗೆ ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳುವುದು. ಗಡಿಕಲ್ಲು ಕಳೆದ ಹೊಲವನ್ನು ಪಕ್ಕದ ಹೊಲದಿಂದ ಅಳೆದು ತೆಗೆಯುವ ಪದ್ಧತಿ ನಮ್ಮ ಇಲಾಖೆಯಲ್ಲೂ ಇದೆ. ಅದನ್ನು ನೆನೆಸಿಕೊಂಡು, ಟೇಪು ಎಲ್ಲೂ ಮಡಚದಂತೆ, ಮೇಲೆ ಕೆಳಗೆ ಜಾರದಂತೆ, ನನ್ನ ಸರ್ವಿಸಿನಲ್ಲಿ ಯಾವ ಹೊಲಕ್ಕೂ ತೋರಿಸದ ಶ್ರದ್ಧೆಯಿಂದ ಆ ಮೊಣಕಾಲಿನ ಮೋಜಣಿ ಮಾಡಿದೆ.

ಬೆಟಗೇರಿಗೆ ಬಂದ ಮೇಲೆ ಹೆಂಡತಿ ಇನ್ನೊಂದು ಕಾನೂನು ತೆಗೆದಳು. ಉಲನ್ ಹಿಗ್ಗುತ್ತದೆ, ಅಳತೆ ಇದ್ದಷ್ಟೇ ಹೆಣೆದರೆ ನಾಲ್ಕು ದಿನಕ್ಕೆ ಸಡಿಲಾಗಿ ಕಣ್ಣಿಗೆ ಬರುತ್ತದೆ, ಆದ್ದರಿಂದ ಎರಡು ಬೆರಳು ಕಡಿಮೆ ಹಿಡಿಯಬೇಕು. ನನ್ನ ಮೂಗಿನ ತನಕ ಬಂದ ಟೊಪ್ಪಿಗೆಯ ಅನುಭವದಿಂದ ಹುಟ್ಟಿದ ಕಾನೂನದು. ನಾನು ಸಹಿ ಹಾಕಿದೆ. ಗದಗಿನ ಅಂಗಡಿಗೆ ಹೋಗಿ ಉಲನ್ ತಂದೆವು. ಅಂಗಡಿಯವನು ಗುಲಾಬಿ, ಗಿಳಿಹಸಿರು ತೋರಿಸಿ, ಕೂಸು ಗಂಡೋ ಹೆಣ್ಣೋ ಎಂದು ಕೇಳಿದ. ಕೂಸಿಗೆ ಎಂಬತ್ತು ದಾಟಿದೆಯೆಂದು ಹೇಳಿ ಕೆನೆಬಣ್ಣದ್ದು ಆರಿಸಿಕೊಂಡೆವು.

ಅವಳು ಒಂದು ವಾರ ಹೆಣೆದಳು. ಧಾರಾವಾಹಿ ನೋಡುತ್ತ ಹೆಣೆದಳು, ತರಕಾರಿಯವನ ಸಂಗಡ ಚೌಕಾಸಿ ಮಾಡುತ್ತ ಹೆಣೆದಳು. ನಡುನಡುವೆ ಅದನ್ನು ತನ್ನ ಮೊಣಕಾಲಿಗೆ ಹಾಕಿ ನೋಡುತ್ತಿದ್ದಳು. ನನ್ನ ಮೊಣಕಾಲಿಗೂ ಹಾಕಿದಳು. ನೋಡಲು ಬಂದ ಪಕ್ಕದ ಮನೆಯವರಿಗೆ ಇದು ಮೊಣಕಾಲಿನ ಟೊಪ್ಪಿಗೆ, ವಾಯು ಬಂದವರಿಗೆ ಎಂದು ನಾನು ಹೇಳಿದ್ದಕ್ಕೆ ಅವರು ತಮಗೂ ಒಂದು ಜೋಡಿ ಬೇಕೆಂದರು.

ನಿಶ್ಚಯಕ್ಕೆ ಇನ್ನು ಹತ್ತು ಹನ್ನೆರಡು ದಿನ ಇದ್ದಾಗ ಡೋಣಿಗೆ ಹೋದೆವು. ಮಾವನವರು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ತೂಕ ನೋಡಿದರು. ಮುಖದಲ್ಲಿ ಸಮಾಧಾನ ಕಾಣಿಸಿತು. ಎದ್ದು ಖೋಲಿಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾವು ಪಡಸಾಲೆಯಲ್ಲಿ ಕಾದೆವು. ಒಳಗಿನಿಂದ ಸಪ್ಪಳವಿಲ್ಲ. ಬಹಳ ಹೊತ್ತಿನ ಮೇಲೆ ಅವರು ಹೊರಗೆ ಬಂದಾಗ ತಲೆಯ ಮೇಲೆ ಮತ್ತೆ ವಲ್ಲಿ, ಕೈಯಲ್ಲಿ ಟೊಪ್ಪಿಗೆ.

“ಏನಾತು ಅಪ್ಪ?”

“ನೆತ್ತಿ ಮ್ಯಾಲ ಕುಂಡ್ರತೈತಿ. ಗಡಿಗಿ ಮ್ಯಾಲ ಬಟ್ಲಾ ಮುಚ್ಚಿದಂಗ.”

“ಸ್ವಲ್ಪ ಎಳದು ನೋಡಬೇಕಿಲ್ಲ?”

“ಎಳದೆ. ಜಿಗದು ಬಿತ್ತು.”

ಹೆಂಡತಿ ನನ್ನ ಮುಖ ನೋಡಿದಳು. ನಾನು ಟೇಪು ತೆಗೆದು ಟೊಪ್ಪಿಗೆಗೆ ಹಿಡಿದೆ. ಮೊಣಕಾಲಿನ ಅಳತೆಗೆ ಎರಡು ಬೆರಳು ಕಡಿಮೆ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಹಿಗ್ಗಿಸಿದರೆ ಮೊಣಕಾಲಿಗೆ ಸರಿಯಾಗಿ ಕೂಡುತ್ತಿತ್ತು. “ಟೊಪಿಗಿ ಬರೋಬ್ಬರಿ ಐತ್ರಿ ಮಾವಾರ” ಎಂದೆ. ಈ ಮಾತನ್ನು ನಾನು ಆಡಬಾರದಿತ್ತು.

ಏಕೆಂದರೆ ಮಾವನವರು ತಲೆಯಾಡಿಸಿ, ಮೆಲ್ಲಗೆ ಕಂಬಕ್ಕೆ ಒರಗಿ ಕೂತರು.

“ನನಗೂ ಹಂಗ ಅನಿಸಿತ್ತು. ಟೊಪಿಗಿ ಬರೋಬ್ಬರಿ ಐತಿ, ಮೊಣಕಾಲು ಬರೋಬ್ಬರಿ ಐತಿ. ತಲಿ ಬಾತೈತಿ.”

“ತಲಿ ಹೆಂಗ ಬಾಯತೈತ್ರಿ?”

“ಸುಮ್ನ ಸುತ್ತು ಬರತೈತೇನು ಮತ್ತ? ಆ ಡಾಕ್ಟರಗ ಎಲ್ಲಾ ಗೊತ್ತೈತಿ, ನಮಗ ಹೇಳಿಲ್ಲ. ರುಮಾಲು ಬ್ಯಾಡ ಅಂದದ್ದು ಅದಕ್ಕ. ಇನ್ನ ಅದು ಹಿಡಸಂಗಿಲ್ಲಂತ.”

ಅತ್ತೆ ಅಡುಗೆಮನೆಯಿಂದ, “ಈಗ ಬಾತದ್ದಲ್ಲದು. ಮದವಿ ಆದಾಗಿಂದ ಐತಿ” ಎಂದರು. ಮಾವನವರು ನಗಲಿಲ್ಲ. ಅತ್ತೆಯ ಮಾತಿಗೆ ತಿರುಗಿ ಮಾತು ಎಸೆಯದಿದ್ದದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಅತ್ತೆಯೂ ಬಾಗಿಲಿಗೆ ಬಂದು ನಿಂತು ನೋಡಿದರು. ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿ ಹೇಳಿಬಿಡಿರಿ, ನನ್ನ ದಾರಿ ಕಾಯುವುದು ಬೇಡ, ಶುಭಕಾರ್ಯದಲ್ಲಿ ಜಡ್ಡಿನ ತಲೆ ತಂದು ಕೂಡಿಸಬಾರದು ಎಂದರು ಮಾವನವರು. ನಾವು ಬರುವ ತನಕ ಮಾನದ ಪ್ರಶ್ನೆಯಾಗಿದ್ದದ್ದು, ನಮ್ಮ ಟೊಪ್ಪಿಗೆಯ ದಯದಿಂದ, ಈಗ ಪ್ರಾಣದ ಪ್ರಶ್ನೆಯಾಯಿತು.

ನನ್ನ ಹೆಂಡತಿ ಟೊಪ್ಪಿಗೆಯನ್ನು ಚೀಲದೊಳಗೆ ತುರುಕಿ ಹಿತ್ತಲಿಗೆ ಹೋದಳು. ನಾನೂ ಹೋದೆ. ಅವಳ ಕಣ್ಣು ಕೆಂಪಾಗಿತ್ತು.

“ಎಲ್ಲಾ ನಿಮ್ಮ ಟೇಪಿನಿಂದ ಆತು. ತಂಬಿಗಿಗೆ ಹಾಕಿ ನೋಡಿದ್ರ ಏನಾಗತಿತ್ತು?”

“ಎರಡು ಬೆರಳು ಕಡಿಮಿ ಹಿಡದಾಕಿ ನೀನು.”

“ಎರಡು ಬೆರಳಿಗೆ ಇಷ್ಟು ಸಣ್ಣದಾಗತೈತೇನು? ನೀವ ಹೇಳ್ರಿ, ಅಪ್ಪನ ತಲಿ ಖರೇನ ಬಾತಿರಬಹುದಾ?”

ಇದಕ್ಕೆ ನಾನು ಉತ್ತರ ಹುಡುಕಿದೆ. ಹೊಲ ದೊಡ್ಡದಾಗಿದೆಯೆಂದು ಯಾರಾದರೂ ತಕರಾರು ತೆಗೆದರೆ ನಾವು ಮಾಡುವುದು ಒಂದೇ. ಹಳೆಯ ಬದುವಿಗೆ ಹೋಗಿ ಮತ್ತೆ ಅಳೆಯುವುದು. ಇಲ್ಲಿ ಹಳೆಯ ಬದು ಯಾವುದು? ರುಮಾಲು. ಅದು ತಲೆಗೆ ಇನ್ನೂ ಮೊದಲಿನಂತೆ ಕೂತರೆ ತಲೆ ಬಾತಿಲ್ಲ.

ಒಳಗೆ ಹೋಗಿ ಮಾವನವರಿಗೆ ಹೇಳಿದೆ: ರುಮಾಲನ್ನು ಒಂದು ಸಲ ಸುತ್ತಿರಿ, ಒಂದು ಗಳಿಗೆ ಇಟ್ಟುಕೊಳ್ಳಿರಿ, ಹಿಡಿಯದಿದ್ದರೆ ನೀವು ಗೆದ್ದಿರಿ. ಅತ್ತೆ, ಡಾಕ್ಟರು ಬೇಡವೆಂದಿದ್ದಾರೆ ಎಂದು ಗೊಣಗಿದರೂ ತಾವೇ ಟ್ರಂಕಿನಿಂದ ತೆಗೆದು ತಂದರು. ಒಗೆದು, ಮಡಚಿ, ಬೇವಿನ ಎಲೆ ಇಟ್ಟಿದ್ದರು.

ಮಾವನವರು ಬಲಗಾಲು ಮಡಚಿ ಕೂತರು. ರುಮಾಲಿನ ಒಂದು ತುದಿ ಅವರ ಕೈಯಲ್ಲಿ. ಇನ್ನೊಂದು ತುದಿಯನ್ನು ಹಿಡಿಯಲು ಯಾರಾದರೂ ಬೇಕು, ಬಟ್ಟೆ ನೆಲಕ್ಕೆ ತಾಗಬಾರದು. ನಾನು ಕೈ ಚಾಚುವುದರೊಳಗೆ ನನ್ನ ಹೆಂಡತಿ ತುದಿ ಹಿಡಿದು ಪಡಸಾಲೆಯ ಆ ಕೊನೆಗೆ ಹೋಗಿ ನಿಂತಿದ್ದಳು. ಶಾಲೆಗೆ ಹೋಗುತ್ತಿದ್ದಾಗ ದಿನಾ ಮುಂಜಾನೆ ಅದು ಅವಳ ಕೆಲಸವಾಗಿತ್ತಂತೆ. ತುದಿ ಹೇಗೆ ಹಿಡಿಯಬೇಕು, ಎಷ್ಟು ಬಿಗಿ ಬೇಕು, ಯಾವಾಗ ಸಡಿಲು ಬಿಡಬೇಕು, ಒಂದನ್ನೂ ಮರೆತಿರಲಿಲ್ಲ. ಮಾವನವರು ಸುತ್ತು ಹಾಕುತ್ತ ಹೋದರು, ಅವಳು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುತ್ತ ಹೋದಳು. ಅವಳ ಮಂಡಿಯೂ ಈಗ ಮಾತು ಕೇಳುವುದಿಲ್ಲವಾದರೂ ಕೊನೆಗೆ ಅಪ್ಪನ ಕಾಲಿನ ಹತ್ತಿರ ಕುಕ್ಕರಿಸಿ ಕೂತಳು. ಕೂತವಳು ತುದಿಯನ್ನು ಕೊಡದೆ ಹಾಗೇ ನೋಡಿದಳು.

“ಅಪ್ಪ, ನಿನ್ನ ಎಡಗೈ ಎಲ್ಲೈತಿ?”

“ಎಲ್ಲಿರತೈತಿ? ಸುತ್ತು ಜಾರಬಾರದಂತ ಹಿಡದೈತಿ.”

“ಎಲ್ಲಿ ಹಿಡದೈತಿ?”

ಮಾವನವರು ಕೆಳಗೆ ನೋಡಿದರು. ನಾನೂ ಬಗ್ಗಿ ನೋಡಿದೆ. ಅವರ ಎಡಗೈ ರುಮಾಲಿನ ಒಳಗಿತ್ತು. ಮೊದಲ ಸುತ್ತಿಗೆ ತುದಿಯನ್ನು ಮೊಣಕಾಲಿಗೆ ಒತ್ತಿ ಹಿಡಿದ ಮುಷ್ಟಿ, ಕೊನೆಯ ಸುತ್ತಿನ ತನಕ ಅಲ್ಲೇ ಇತ್ತು. ಸುತ್ತುಗಳೆಲ್ಲ ಮೊಣಕಾಲು ಮತ್ತು ಮುಷ್ಟಿ ಎರಡನ್ನೂ ಕೂಡಿಸಿಕೊಂಡು ಬಿದ್ದಿದ್ದವು. ಸುತ್ತಿ ಮುಗಿದ ಮೇಲೆ ಕೈ ಎಳೆದುಕೊಂಡು ರುಮಾಲು ಎತ್ತುವುದು. ಜೀವಮಾನವಿಡೀ ಹಾಗೆಯೇ ಸುತ್ತಿದ್ದಾರೆ, ಮೊಣಕಾಲು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಾರೆ. ಮುಷ್ಟಿಯನ್ನು ಜಮಾ ಮಾಡಿರಲಿಲ್ಲ.

ಮಾವನವರು ಕೈ ಎಳೆದುಕೊಂಡು, ರುಮಾಲು ಎತ್ತಿ, ಗೋಡೆಯ ಕಡೆಗೆ ಮುಖ ತಿರುಗಿಸಿ, ವಲ್ಲಿ ತೆಗೆದದ್ದು ಕಾಣದಷ್ಟು ಜಲ್ದಿ ಅದನ್ನು ತಲೆಗೆ ಇಟ್ಟುಕೊಂಡರು. ನಮ್ಮ ಕಡೆಗೆ ತಿರುಗಿದಾಗ ನಾವು ಹುಟ್ಟಾ ಬಲ್ಲ ತಲೆ ಮತ್ತೆ ಅಲ್ಲಿತ್ತು. ಸಡಿಲೂ ಇಲ್ಲ, ಬಿಗಿಯೂ ಇಲ್ಲ. ಅವರು ಎರಡೂ ಕೈಯಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿದರು. ನನ್ನ ಹೆಂಡತಿ ನೆಲದ ಮೇಲೆ ಕೂತೇ ನಗುತ್ತಿದ್ದಳು. ಮೂಗು ಏರಿಸುತ್ತಲೂ ಇದ್ದಳು.

“ಅಂದ್ರ ಬಾತಿಲ್ಲಂತೀರಿ?”

“ಬಾತಿಲ್ರಿ ಮಾವಾರ.”

“ಮತ್ತ ಸುತ್ತು ಯಾಕ ಬರತೈತಿ?”

“ಕುತ್ತಿಗಿ ಮಣಿ ಸವದಾವ್ರಿ. ಡಾಕ್ಟರು ಹೇಳಿದ್ದ ಖರೆ.”

“ಹಂಗಾರ ಅಷ್ಟ ಆತು” ಎಂದು ಮಾವನವರು, ಸವೆದ ಮಣಿಗಳನ್ನು ದೊಡ್ಡ ಲಾಭವೆಂಬಂತೆ ಒಪ್ಪಿಕೊಂಡರು. ಅತ್ತೆ ರುಮಾಲು ಇಳಿಸಿರಿ ಎಂದು ಕೈ ಚಾಚಿದರು. ಅವರು ಇನ್ನೊಂದು ಗಳಿಗೆ ಎಂದು ಹೇಳಿ ಒಂದು ಲೋಟ ಚಹಾ ಕುಡಿಯುವ ತನಕ ಇಳಿಸಲಿಲ್ಲ. ಆಮೇಲೆ ನನ್ನ ಕಡೆಗೆ ತಿರುಗಿದರು.

“ಲೇ, ಮೊಣಕಾಲು ಅಳಿ ಅಂದ್ರ ಬರೇ ಮೊಣಕಾಲು ಅಳದು ಹ್ವಾದಿ. ಸುತ್ತೂದು ಹೆಂಗಂತ ನೋಡಬೇಕೋ ಬ್ಯಾಡೋ? ಸರಕಾರ ನಿನಗ ಪಗಾರ ಹೆಂಗ ಕೊಟ್ಟಿತೋ.”

‘ಲೇ’ ಮರಳಿತ್ತು. ಮನೆಯವರೆಲ್ಲ ಹಗುರಾದರು.

ಎರಡನೆಯ ಮೋಜಣಿ ಸರಿಯಾಗಿ ನಡೆಯಿತು. ಮಾವನವರು ಮೊಣಕಾಲಿನ ಮೇಲೆ ಮುಷ್ಟಿ ಇಟ್ಟರು, ನಾನು ಎರಡನ್ನೂ ಕೂಡಿಸಿ ಟೇಪು ಹಿಡಿದೆ, ಹೆಂಡತಿ ಮುಷ್ಟಿ ಬಿಗಿ ಇದೆಯೋ ಸಡಿಲಿದೆಯೋ ಎಂದು ಒತ್ತಿ ನೋಡಿದಳು. ಅಗಲದ ಪ್ರಶ್ನೆ ಮುಗಿದ ಮೇಲೆ ಆಳದ ಪ್ರಶ್ನೆ ಎದ್ದಿತು. ಕಿವಿ ಮುಚ್ಚಬೇಕೋ ಬೇಡವೋ? ಚಳಿ ಇದೆ, ಮುಚ್ಚಲಿ ಎಂದಳು ನನ್ನ ಹೆಂಡತಿ.

“ಕಿವಿ ಬಿಡ್ರಿ. ಮಂದಿ ಇದನ್ನ ನೋಡಿ ಏನ ಮಾತಾಡತಾರ ಅನ್ನೋದು ನನಗ ಕೇಳಬೇಕು.”

ಹಾಗಾಗಿ ಕಿವಿಯ ಮೇಲ್ತುದಿಗೆ ಗಡಿ ಹಾಕಿದೆವು. ಎರಡು ಬೆರಳು ಕಡಿಮೆ ಹಿಡಿಯುವ ಕಾನೂನಿನ ಮೇಲೆ ಬೆಟಗೇರಿಯಲ್ಲಿ ಮರುವಿಚಾರಣೆ ನಡೆಯಿತು. ಅಂಗೈ ಅಗಲದ ತುಂಡೊಂದನ್ನು ಮೊದಲು ಹೆಣೆದು, ಎಳೆದು, ಎಷ್ಟು ಹಿಗ್ಗುತ್ತದೆಂದು ಅಳೆದು, ಆ ಲೆಕ್ಕದ ಮೇಲೆ ಕುಣಿಕೆ ಹಾಕೋಣವೆಂದು ನಾನು ಹೇಳಿದೆ. ಅವಳು ತುಂಡು ಹೆಣೆದಳು, ಎಳೆದಳು, ನಾನು ಕಾಗದದ ಮೇಲೆ ಭಾಗಾಕಾರ ಮಾಡುತ್ತಿರುವಾಗಲೇ, “ಒಂದು ಬೆರಳು ಸಾಕು” ಎಂದು ಟೊಪ್ಪಿಗೆ ಶುರು ಮಾಡಿಯೂಬಿಟ್ಟಳು. ನನ್ನ ಭಾಗಾಕಾರಕ್ಕೂ ಒಂದು ಬೆರಳೇ ಬಂತು. ಅದನ್ನು ಹೇಳಿದೆ. ಆಗಲೇ ಹೇಳಿದೆನಲ್ಲ ಎಂದಳು.

ಬಿಚ್ಚಿದ ಮೊದಲ ಟೊಪ್ಪಿಗೆಯ ಉಲನ್ನೇ ಎರಡನೆಯದಕ್ಕೂ ಹೋಯಿತು. ಕಡಿಮೆ ಬಿದ್ದಷ್ಟು ಅಂಗಡಿಯಿಂದ ತಂದೆವು. ಹೊಸದರ ಬಣ್ಣ ತುಸು ಬೇರೆ. ಅಂಚಿನಲ್ಲಿ ಒಂದು ಪಟ್ಟಿಯಾಗಿ ಕಾಣುತ್ತಿತ್ತು. ಅವಳು ಅದಕ್ಕಾಗಿ ಎರಡು ದಿನ ಕೊರಗಿದಳು.

ನಿಶ್ಚಯದ ದಿನ ಮುಂಜಾನೆ ಡೋಣಿಗೆ ಗಾಡಿ ತೆಗೆದುಕೊಂಡು ಹೋದೆವು. ಮಾವನವರು ಟೊಪ್ಪಿಗೆ ಹಿಡಿದು ಖೋಲಿಗೆ ಹೋದರು. ಈ ಸಲ ಬಹಳ ಹೊತ್ತು ಆಗಲಿಲ್ಲ. ಹೊರಗೆ ಬಂದಾಗ ಅದು ಅವರ ಹುಬ್ಬಿನಿಂದ ನಾಲ್ಕು ಬೆರಳು ಮೇಲೆ, ಕಿವಿಯ ಗಡಿ ದಾಟದೆ, ಯಾರಿಗೂ ತೊಂದರೆ ಕೊಡದೆ ಕೂತಿತ್ತು. ತಲೆ ಆಡಿಸಿ ನೋಡಿದರು, ಬಗ್ಗಿ ನೋಡಿದರು. ಅತ್ತೆ ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿ, “ತಲಿ ಇಷ್ಟ ಸಣ್ಣದಿತ್ತೇನು? ಇದರ ಸಲುವಾಗಿ ನಾ ಇಷ್ಟು ವರ್ಷ ಹೆದರಿದ್ನೆಲ್ಲ” ಎಂದರು.

“ನೀ ಹೆದರಿದ್ದು ಯಾವಾಗ? ನನಗೊಂದು ಖಬರ ಕೊಡಬೇಕಿಲ್ಲ?”

ಶಿರಹಟ್ಟಿಯ ಮೇಲಿಂದ ಲಕ್ಷ್ಮೇಶ್ವರಕ್ಕೆ ಹೋದೆವು. ದಾರಿಯುದ್ದಕ್ಕೂ ಮಾವನವರು ಮುಂದಿನ ಸೀಟಿನಲ್ಲಿ ಕೂತು, ಯಾರ ಕಡಲೆ ಹೇಗಿದೆ, ಯಾರು ಕಳೆ ತೆಗೆದಿಲ್ಲ ಎಂದು ತೀರ್ಪು ಕೊಡುತ್ತ ಬಂದರು. ಎರಡು ತಿಂಗಳ ತೀರ್ಪುಗಳು ಬಾಕಿ ಇದ್ದವು. ಮೊಮ್ಮಗಳು ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಅಜ್ಜನ ತಲೆ ನೋಡಿ ಏನೋ ಹೇಳಲು ಬಾಯಿ ತೆರೆದವಳು ಅಜ್ಜಿಯ ಕಣ್ಣು ಕಂಡು, ಬಗ್ಗಿ ಕಾಲು ಮುಟ್ಟಿದಳು. ಮುಂಡರಗಿಯ ಬೀಗರ ಹಿರಿಯರು ರುಮಾಲಿನವರು. ಅವರೂ ಇವರೂ ಎದುರುಬದುರು ಕೂತು ಎಲೆ ಅಡಿಕೆ ಬದಲಿಸಿದರು. ಮಾತು ಮುಗಿಯಿತು, ಸಕ್ಕರೆ ಹಂಚಿದರು. ಊಟಕ್ಕೆ ಕೂತಾಗ ಆ ಹಿರಿಯರು ಟೊಪ್ಪಿಗೆಯ ಕಡೆಗೆ ಓರೆಗಣ್ಣಿನಿಂದ ನೋಡಿ, ಹಗುರ ಇದೆಯೇನ್ರಿ ಎಂದು ಕೇಳಿದರು. “ಇದ್ದದ್ದ ಗೊತ್ತಾಗಂಗಿಲ್ರಿ. ಮಗಳು ಹೆಣದಾಳ” ಎಂದರು ಮಾವನವರು. ಅವರ ಎದುರಿನ ಮನುಷ್ಯ ತಮ್ಮ ರುಮಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಅನ್ನ ಕಲಸಿದರು.

ಇಳಿಹೊತ್ತಿಗೆ ಡೋಣಿಗೆ ಮರಳಿದೆವು. ಊರೊಳಗೆ ಬರುತ್ತಿದ್ದಂತೆ ಬೇವಿನ ಮರದ ಹತ್ತಿರ ಮಾವನವರು ಗಾಡಿ ನಿಲ್ಲಿಸಿ ಎಂದರು. ಕಟ್ಟೆಯ ಮೇಲೆ ಮಾಮೂಲಿನಂತೆ ಮಂದಿ ಇದ್ದರು, ರುಮಾಲಿನವರು ಇತ್ತ, ಟೊಪ್ಪಿಗೆಯವರು ಅತ್ತ. ಅವರು ಕೋಲು ಊರಿ ಇಳಿದು ಹೋದರು. ನಾವು ಗಾಡಿಯಲ್ಲೇ ಕೂತು ಕಿಟಕಿಯಿಂದ ನೋಡಿದೆವು. ಹೆಂಡತಿ ನನ್ನ ತೋಳು ಹಿಡಿದಿದ್ದಳು, ಸ್ವಲ್ಪ ಜೋರಾಗಿಯೇ. ಕಟ್ಟೆಯವರೆಲ್ಲ ತಲೆ ಎತ್ತಿ ಟೊಪ್ಪಿಗೆಯನ್ನು ನೋಡಿದರು. ಅವರು ನೋಡಿ ಮುಗಿಸುವ ತನಕ ಮಾವನವರು ನಿಂತೇ ಇದ್ದರು. ಆಮೇಲೆ ರುಮಾಲಿನವರಲ್ಲಿ ಒಬ್ಬರು ಸರಿದು ಜಾಗ ಬಿಟ್ಟರು.

“ಬರ್ರಿ, ಕುಂಡ್ರಿ. ಎಲ್ಲಿ ಹೋಗಿದ್ರಿ, ಕಂಡಿಲ್ಲ?”

“ಎಲ್ಲಿ ಹೋಗ್ಲಿ? ಇಲ್ಲೇ ಇದ್ನಿ” ಎಂದರು ಮಾವನವರು. ಹಾಗೆಂದು ಕೂತರು. ಕೂತ ಮೇಲೆ ಯಾರದೋ ಕಡಲೆಗೆ ಹುಳ ಬಿದ್ದ ಮಾತು ನಡೆಯಿತು. ಅತ್ತ ಕಡೆಯಿಂದ ಒಬ್ಬರು ಏನೋ ಅಂದರು, ಇವರು ಕೋಲು ಎತ್ತಿ ಅದಕ್ಕೆ ಉತ್ತರ ಕೊಟ್ಟರು. ವಾದ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಿಡಿದಂತಿತ್ತು.

ಗಾಡಿಯೊಳಗೆ ನನ್ನ ಹೆಂಡತಿ ಕಣ್ಣು ಸಣ್ಣ ಮಾಡಿಕೊಂಡು ಹಿಂದಿನಿಂದ ಟೊಪ್ಪಿಗೆಯನ್ನೇ ನೋಡುತ್ತಿದ್ದಳು. ಮಾವನವರು ಕಟ್ಟೆಯಿಂದ ಮನೆಗೆ ಬಂದ ಮೇಲೆ ಅಪ್ಪನ ಹತ್ತಿರ ಹೋಗಿ, “ಹಿಂದ ಸ್ವಲ್ಪ ಮ್ಯಾಲೆದ್ದೈತಿ ಅಪ್ಪ. ಎರಡು ದಿನ ಕೊಡು, ಇನ್ನೊಂದೆರಡು ಸಾಲು ಹೆಣದು ತರತೀನಿ” ಎಂದಳು.

ಮಾವನವರು ಎರಡೂ ಕೈಯಿಂದ ಟೊಪ್ಪಿಗೆ ಹಿಡಿದುಕೊಂಡರು.

“ಕೊಡಂಗಿಲ್ಲ. ನಾಳೆ ಕಟ್ಟಿಗೆ ಅತ್ಲಾಗಿನ ಟೊಪಿಗಿಯವರು ಉತ್ತರಾ ತರತೀವಿ ಅಂದಾರ.”